ಪಕ್ಕದ ಸೀಟಿನ ಬಿಸಿ

ಹಾಲ್ಮಾರ್ ದೇಶದ ಟ್ರಾಮುಗಳಲ್ಲಿ ಸೀಟುಗಳು ಜನ ಕೂರುವ ಮೊದಲೇ ಬೆಚ್ಚಗಾಗುತ್ತಿದ್ದವು. ವರ್ಷಕ್ಕೆ ಏಳು ತಿಂಗಳು ಹಿಮ ಬೀಳುವ ಜಾಗ ಅದು. ನೆಲಹಾಸಿನ ಕೆಳಗೂ ಸೀಟಿನೊಳಗೂ ಒಂದು ತೆಳುವಾದ ಪೊರೆ ಹಾಸಿದ್ದರು. ಯಾರಾದರೂ ಸೀಟಿನ ಬಳಿ ಬಂದು ನಡಿಗೆ ನಿಧಾನ ಮಾಡಿದರೆ ಅದಕ್ಕೆ ತಿಳಿಯುತ್ತಿತ್ತು, ತಿಳಿದ ಎರಡು ಸೆಕೆಂಡಿಗೆ ಸೀಟು ಬಿಸಿಯಾಗುತ್ತಿತ್ತು. ಬಂದವರು ಕೂತರೆ ಬಿಸಿ ಉಳಿಯುತ್ತಿತ್ತು. ಕೂರದೆ ಮುಂದೆ ಹೋದರೆ ಒಂದು ನಿಮಿಷದಲ್ಲಿ ಆರುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಅದೊಂದು ಒಳ್ಳೆಯ ಸೌಕರ್ಯ ಎನಿಸಿಕೊಂಡು ಸುಮ್ಮನಿರುತ್ತಿತ್ತು. ಆದರೆ ಬುದ್ಧಿವಂತರಿರುವ ದೇಶದಲ್ಲಿ ಯಾವುದೂ ಅಷ್ಟಕ್ಕೇ ನಿಲ್ಲುವುದಿಲ್ಲ. ತಾವು ಎಲ್ಲ ದೇಶದ ಜನರನ್ನೂ ಒಪ್ಪಿಕೊಂಡವರು ಎಂಬ ಹೆಮ್ಮೆ ಹಾಲ್ಮಾರಿನವರಿಗೆ ಬಹಳ ಇತ್ತು. ವಿಮಾನ ನಿಲ್ದಾಣದಲ್ಲಿ ನಲವತ್ತು ಭಾಷೆಗಳಲ್ಲಿ ಸ್ವಾಗತ ಬರೆಸಿದ್ದರು, ಕನ್ನಡವೂ ಅದರಲ್ಲಿತ್ತು. ವಲಸೆ ಬಂದವರ ಬಗ್ಗೆ ಏನನ್ನುತ್ತೀರಿ ಎಂದು ಸಮೀಕ್ಷೆ ಮಾಡಿದರೆ ನೂರಕ್ಕೆ ತೊಂಬತ್ತನಾಲ್ಕು ಜನ ಸಂತೋಷ ಎನ್ನುತ್ತಿದ್ದರು. ಆಗ ಯಾರೋ ಒಬ್ಬ ಅಧಿಕಾರಿಗೆ ಹೊಳೆಯಿತು: ಸಮೀಕ್ಷೆಯಲ್ಲಿ ಜನ ಸುಳ್ಳು ಹೇಳಬಹುದು, ಸೀಟು ಹೇಳುವುದಿಲ್ಲ. ಯಾರ ಪಕ್ಕ ಯಾರು ಕೂತರು, ಎಷ್ಟು ಸ್ಟಾಪು ಕೂತರು ಎಂಬುದೆಲ್ಲ ಸೀಟಿಗೆ ಗೊತ್ತು. ಹೀಗೆ ಒಡನಾಟ ಇಲಾಖೆ ಹುಟ್ಟಿತು, ಒಡನಾಟದ ಅಂಕವೂ ಹುಟ್ಟಿತು.

ನಿಯಮ ಸರಳವಾಗಿತ್ತು. ಕಾಯಂ ವಾಸಕ್ಕೆ ಅರ್ಜಿ ಹಾಕಿದವರಿಗೆ ಹಸಿರು ಕಾರ್ಡು ಕೊಡುತ್ತಿದ್ದರು. ಅದನ್ನು ತೋರಿಸಿಯೇ ಟ್ರಾಮು ಹತ್ತಬೇಕು, ಆ ಕಾರ್ಡು ಯಾವ ಸೀಟಿನಲ್ಲಿದೆ ಎಂದು ಪೊರೆಗೆ ತಿಳಿಯುತ್ತಿತ್ತು. ನೂರು ಪ್ರಯಾಣಗಳಲ್ಲಿ ಕನಿಷ್ಠ ಇಪ್ಪತ್ತರಲ್ಲಾದರೂ ಗುರುತಿಲ್ಲದ ಒಬ್ಬರು ಅವರ ಜೊತೆ ನಾಲ್ಕು ಸ್ಟಾಪು ಕೂತಿರಬೇಕು. ಹಾಗಾದರೆ ಈತ ಜನರ ಜೊತೆ ಬೆರೆಯುತ್ತಾನೆ, ಇರಲಿ ಎಂದು ಅರ್ಥ. ಇಲ್ಲದಿದ್ದರೆ ವಾಪಸು. ಪೌರರ ಪ್ರಯಾಣವನ್ನು ಮಾತ್ರ ಹೆಸರು ಹಾಕಿ ದಾಖಲಿಸುತ್ತಿರಲಿಲ್ಲ, ಏಕೆಂದರೆ ಅದು ಖಾಸಗಿತನದ ವಿಷಯ. ಆದ್ದರಿಂದ ಕೂತ ಅರ್ಜಿದಾರರಿಗೆ ಹೆಸರಿತ್ತು, ಪಕ್ಕದಲ್ಲಿ ಕೂರದೆ ಹೋದವರಿಗೆ ಹೆಸರಿರಲಿಲ್ಲ.

ನೀಲಾಂಬಿಕಾ ಹೂಗಾರಳಿಗೆ ಈ ತಾಪತ್ರಯ ಇರಲಿಲ್ಲ. ಅವಳು ಈ ಕಾನೂನಿಗಿಂತ ಮೊದಲೇ ಬಂದು ಪೌರತ್ವ ಪಡೆದವಳು. ಸುಂಡ್‌ವಿಕ್ ನಗರದ ಟ್ರಾಮು ನಿಯಂತ್ರಣ ಕೊಠಡಿಯಲ್ಲಿ ಎಂಜಿನಿಯರು. ಅವಳ ಎದುರಿನ ಗೋಡೆಯ ತುಂಬ ನಗರದ ಎಲ್ಲ ಟ್ರಾಮುಗಳ ಎಲ್ಲ ಸೀಟುಗಳೂ ಚುಕ್ಕಿಗಳಾಗಿ ಕಾಣುತ್ತಿದ್ದವು. ಖಾಲಿ ಸೀಟು ನೀಲಿ, ಬಿಸಿಯಾದ ಸೀಟು ಹಳದಿ. ಹನ್ನೊಂದು ವರ್ಷ ಅದನ್ನೇ ನೋಡಿ ನೋಡಿ ಅವಳಿಗೆ ಚುಕ್ಕಿಯೆಂದರೆ ಚುಕ್ಕಿಯೇ ಆಗಿಬಿಟ್ಟಿತ್ತು. ಚುಕ್ಕಿಯ ಮೇಲೆ ಒಬ್ಬ ಮನುಷ್ಯ ಕೂತಿರುತ್ತಾನೆ ಎಂಬುದು ನೆನಪಾಗುತ್ತಿದ್ದುದು ಅಪರೂಪ.

ನೆನಪಾಗಲು ಅವಳ ತಾಯಿ ಶಂಕ್ರವ್ವನ ಕಾಗದ ಬರಬೇಕಾಯಿತು.

ಶಂಕ್ರವ್ವನಿಗೆ ಅರವತ್ತಾರು ವರ್ಷ. ರೋಣದವಳು. ಗಂಡ ಬೇಗ ಹೋದ ಮೇಲೆ ಹೂವು ಮಾರಿ ಒಬ್ಬಳೇ ಮಗಳನ್ನು ಓದಿಸಿದ್ದಳು. ನಾಲ್ಕು ವರ್ಷದ ಹಿಂದೆ ಬಾಡಿಗೆ ಮನೆ ಬಿಟ್ಟು, ಬುಟ್ಟಿಯನ್ನು ಓರಗಿತ್ತಿಗೆ ಕೊಟ್ಟು ಮಗಳ ಹತ್ತಿರ ಬಂದಿದ್ದಳು. ವಾಪಸು ಹೋಗಲು ಅವಳಿಗೆ ಮನೆಯೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಬಂದವಳು ಸುಮ್ಮನೆ ಕೂರಲಿಲ್ಲ. ವಾರದಲ್ಲಿ ಐದು ದಿನ ಏಳನೇ ನಂಬರಿನ ಟ್ರಾಮು ಹಿಡಿದು, ಹದಿನಾಲ್ಕು ಸ್ಟಾಪು ದಾಟಿ, ಹಳೇ ಬಂದರಿನ ಬಳಿ ಹಿರಿಯರಿಗಾಗಿ ನಡೆಸುವ ಭಾಷಾ ತರಗತಿಗೆ ಹೋಗುತ್ತಿದ್ದಳು. ಅಂಗಡಿಯವಳ ಹತ್ತಿರ ಸೇವಂತಿಗೆಯ ತೊಟ್ಟು ಉದ್ದ ಬಿಟ್ಟು ಕೊಡು ಎಂದು ಅವರ ಭಾಷೆಯಲ್ಲೇ ಕೇಳುವಷ್ಟು ಕಲಿತಿದ್ದಳು.

ಕಾಗದದಲ್ಲಿ ಹೀಗಿತ್ತು: ಅರ್ಜಿದಾರರ ಒಡನಾಟದ ಅಂಕ ಮೂರು. ಕಾರಣ, ಅರ್ಜಿದಾರರು ಬಹುತೇಕ ಎಲ್ಲ ಪ್ರಯಾಣಗಳಲ್ಲೂ ಪಕ್ಕದ ಸೀಟಿನ ಮೇಲೆ ವಸ್ತುವೊಂದನ್ನು ಇಟ್ಟಿದ್ದಾರೆ. ಮೂವತ್ತು ದಿನದೊಳಗೆ ವಿವರಣೆ ನೀಡದಿದ್ದರೆ ಅರ್ಜಿ ತಿರಸ್ಕೃತವಾಗುವುದು.

ನೀಲಾ ಮನೆಗೆ ಬಂದಾಗ ಶಂಕ್ರವ್ವ ಅಡುಗೆಮನೆಯ ಮೇಜಿನ ಮೇಲೆ ಸೇವಂತಿಗೆ ಹರವಿಕೊಂಡು ಮಾಲೆ ಕಟ್ಟುತ್ತಿದ್ದಳು. ದೇವರ ಪಟಕ್ಕೆ ಒಂದು ಗೇಣು ಸಾಕು, ಆದರೂ ಅವಳ ಕೈ ಒಂದು ಮೊಳಕ್ಕೆ ಕಡಿಮೆ ಕಟ್ಟುತ್ತಿರಲಿಲ್ಲ.

"ಅವ್ವಾ, ಟ್ರಾಮಿನ್ಯಾಗ ಬಾಜೂ ಸೀಟಿನ ಮ್ಯಾಲೆ ಏನ್ ಇಡ್ತೀ ನೀ?"

ಶಂಕ್ರವ್ವ ದಾರ ಹಲ್ಲಿನಲ್ಲಿ ಕಚ್ಚಿದಳು. "ದಸ್ತಿ."

"ಯಾಕ?"

"ರೂಢಿ ಅಲ್ಲೇನವಾ. ಕೈ ತಾನಾ ಹಾಕ್ತತಿ."

ನೀಲಾಳಿಗೆ ನಗುವೂ ಬಂತು, ಸಿಟ್ಟೂ ಬಂತು. ರೋಣದ ಬಸ್ ಸ್ಟ್ಯಾಂಡು ಕಣ್ಣ ಮುಂದೆ ಬಂತು. ಗದಗದ ಬಸ್ಸು ಒಳಗೆ ತಿರುಗುವ ಮೊದಲೇ ಶಂಕ್ರವ್ವ ಹೂವಿನ ಬುಟ್ಟಿ ತಲೆ ಮೇಲಿಟ್ಟುಕೊಂಡು ಪಕ್ಕದಲ್ಲಿ ಓಡುತ್ತಿದ್ದಳು, ಕಿಟಕಿಯೊಳಗೆ ಕೈ ಹಾಕಿ ದಸ್ತಿ ಎಸೆಯುತ್ತಿದ್ದಳು. ಕಾಲೇಜಿಗೆ ಹೋಗುವ ಮಗಳಿಗೆ ಸೀಟು ಹಿಡಿಯುವ ವಿದ್ಯೆ ಅದು. ನಲವತ್ತು ಜನ ನಿಂತಿದ್ದರೂ ದಸ್ತಿ ಬಿದ್ದ ಸೀಟಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಒಂದು ಅಂಗೈಯಗಲದ ಬಟ್ಟೆಗೆ ಅಷ್ಟು ಮರ್ಯಾದೆ ಇತ್ತು.

"ಇಲ್ಲಿ ಯಾರಿಗೆ ಹಿಡಿಯಾಕತ್ತೀ ಸೀಟು? ನಾ ಆಫೀಸಿನ್ಯಾಗ ಇರ್ತೀನಿ."

"ಯಾರಿಗೂ ಇಲ್ಲ ಬಿಡು," ಎಂದು ಶಂಕ್ರವ್ವ ಮಾಲೆಯ ಗಂಟು ಬಿಗಿದಳು. ಆ ಮಾತನ್ನು ನೀಲಾ ಅಲ್ಲಿಗೇ ಬಿಟ್ಟಳು. ಬಿಡಬಾರದಿತ್ತು ಎಂದು ಅವಳಿಗೆ ಗೊತ್ತಾಗಿದ್ದು ಆಮೇಲೆ.

ಮರುದಿನ ಅವಳು ಕೊಠಡಿಯ ಮುಖ್ಯಸ್ಥೆ ಸೋಲ್ವೈಗೆ ಕಾಗದ ತೋರಿಸಿದಳು. ಸೋಲ್ವೈ ಒಳ್ಳೆಯ ಹೆಂಗಸು. ಈ ಮಾತನ್ನು ನೀಲಾ ಆಗಲೂ ಹೇಳುತ್ತಿದ್ದಳು, ಈಗಲೂ ಹೇಳುತ್ತಾಳೆ. ನೀಲಾಳ ಡಬ್ಬಿಯಿಂದ ಜೋಳದ ರೊಟ್ಟಿ ಮುರಿದುಕೊಂಡು ತಿನ್ನುತ್ತಿದ್ದಳು, ಶೇಂಗಾ ಹಿಂಡಿಯ ಖಾರಕ್ಕೆ ಮೂಗು ಸೋರಿದರೂ ಬಿಡುತ್ತಿರಲಿಲ್ಲ. ಮೇಲಿನವರು ಕೆಳಗಿನವರು ಎನ್ನದೆ ಎಲ್ಲರೂ ಎಲ್ಲರನ್ನೂ ಏಕವಚನದಲ್ಲಿ ಕರೆಯುವ ದೇಶ ಅದು. ಅವರಿಬ್ಬರ ಸಲಿಗೆಗೆ ಅದೂ ಸಹಾಯವಾಗಿತ್ತು.

ದಸ್ತಿಯ ಕಥೆ ಕೇಳಿ ಸೋಲ್ವೈ ಬಹಳ ಖುಷಿಪಟ್ಟಳು. "ಎಷ್ಟು ಚೆನ್ನಾಗಿದೆ ಇದು. ಹೀಗೇ ಬರೆದುಕೊಡು. ಇಲಾಖೆಯವರಿಗೆ ಇಂಥದ್ದೇ ಬೇಕಾಗಿರುವುದು. ಅವರು ಸಂಸ್ಕೃತಿಗಳ ಬಗ್ಗೆ ತಿಳಿದುಕೊಳ್ಳಲು ಯಾವಾಗಲೂ ಸಿದ್ಧ."

ನೀಲಾ ಬರೆದಳು. ಚೆನ್ನಾಗಿಯೇ ಬರೆದಳು, ಸ್ವಲ್ಪ ಹೆಚ್ಚೇ ಚೆನ್ನಾಗಿ ಬರೆದಳು. ನಮ್ಮ ಕಡೆ ಬಸ್ಸುಗಳಲ್ಲಿ ತಮ್ಮವರಿಗಾಗಿ ಬಟ್ಟೆ ಹಾಕಿ ಜಾಗ ಹಿಡಿಯುವ ಪದ್ಧತಿ ಇದೆ, ತಾಯಿಗೆ ಅದು ಬಾಲ್ಯದಿಂದ ಬಂದ ಅಭ್ಯಾಸ, ಯಾರನ್ನೂ ದೂರವಿಡುವ ಉದ್ದೇಶ ಅವರಿಗಿಲ್ಲ ಎಂದು ಎರಡು ಪುಟ ತುಂಬಿಸಿದಳು. ಕಳಿಸಿ ಹಗುರಾದಳು.

ಎರಡೇ ವಾರದಲ್ಲಿ ಇಲಾಖೆಯ ವಾರ್ಷಿಕ ವರದಿ ಬಂತು. ಅರ್ಜಿದಾರರ ಅಂಕಗಳು ನಗರದಲ್ಲೆಲ್ಲ ಯಾಕೆ ಕಡಿಮೆ ಎಂಬ ಪ್ರಶ್ನೆ ಅವರನ್ನು ಬಹಳ ದಿನದಿಂದ ಕಾಡುತ್ತಿತ್ತು. ಈಗ ಉತ್ತರ ಸಿಕ್ಕಿತ್ತು. 'ತಮ್ಮವರಿಗಾಗಿ ಜಾಗ ಹಿಡಿಯುವ ಸಂಸ್ಕೃತಿ' ಎಂಬ ತಲೆಬರಹದಡಿ ನೀಲಾಳ ವಾಕ್ಯಗಳನ್ನೇ ಹೆಸರಿಲ್ಲದೆ ಅಚ್ಚು ಹಾಕಿದ್ದರು. ಸಂಜೆ ಟೀವಿಯಲ್ಲಿ ಒಬ್ಬಳು ತಜ್ಞೆ ಮೃದುವಾದ ದನಿಯಲ್ಲಿ ವಿವರಿಸಿದಳು: ಕೂರಲು ನಮ್ಮವರು ಸಿದ್ಧರಿದ್ದಾರೆ, ಜಾಗ ಬಿಡುವುದನ್ನು ಅವರಿಗೆ ನಾವು ಪ್ರೀತಿಯಿಂದ ಕಲಿಸಬೇಕು. ವಾರ ಕಳೆಯುವುದರೊಳಗೆ ಟ್ರಾಮುಗಳಲ್ಲಿ ಹೊಸ ಚಿತ್ರ ಅಂಟಿತು. ಸೀಟಿನ ಮೇಲೆ ಮಡಿಸಿಟ್ಟ ಒಂದು ಬಟ್ಟೆ, ಅದರ ಮೇಲೊಂದು ಕೆಂಪು ಗೆರೆ, ಕೆಳಗೆ ನಗುವ ಮುಖ.

ಶಂಕ್ರವ್ವನಿಗೆ ಬೇರೆ ಕಾಗದ ಬಂತು. ಅವಳ ಅಂಕ ಸ್ವಂತ ಇಚ್ಛೆಯಿಂದ ಕಡಿಮೆಯಾಗಿರುವುದು ಮಗಳ ಹೇಳಿಕೆಯಿಂದಲೇ ಖಚಿತವಾಗಿದೆ. ಆದರೂ ದೇಶದ ಔದಾರ್ಯದ ದ್ಯೋತಕವಾಗಿ ಕೊನೆಯ ಅವಕಾಶ. ಎರಡು ವಾರ, ಇಪ್ಪತ್ತು ಪ್ರಯಾಣ, ಬಟ್ಟೆ ಇಡುವಂತಿಲ್ಲ, ಜೊತೆಗೆ ಗುರುತಿನವರು ಇರುವಂತಿಲ್ಲ. ನಾಲ್ಕು ಬಾರಿಯಾದರೂ ಪಕ್ಕದ ಸೀಟು ತುಂಬಬೇಕು. ತುಂಬದಿದ್ದರೆ ಮೂವತ್ತು ದಿನದಲ್ಲಿ ದೇಶ ಬಿಡಬೇಕು.

ನೀಲಾ ಅದನ್ನು ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿ ಹೇಳಿದಳು. "ಇನ್ನ ಎರಡು ವಾರ ಅಷ್ಟ ಅವ್ವಾ. ದಸ್ತಿ ಮನ್ಯಾಗ ಇಟ್ಟು ಹೋಗು. ಮಂದಿ ಬಂದು ಕುಂದರ್ತಾರ."

"ಕುಂದ್ರಂಗಿಲ್ಲ."

"ಅದ್ಯಾಕ ಹಂಗಂತೀ?"

ಶಂಕ್ರವ್ವ ಒಲೆ ಆರಿಸಿದಳು, ಸೆರಗಿಗೆ ಕೈ ಒರೆಸಿಕೊಂಡು ಕುರ್ಚಿ ಎಳೆದುಕೊಂಡಳು.

"ಬಂದ ಹೊಸದಾಗಿ ನಾ ದಸ್ತಿ ಹಾಕ್ತಿದ್ದಿಲ್ಲ, ನೀಲಾ. ಸುಮ್ನ ಕಿಡಕಿ ಬಾಜೂ ಕುಂದರ್ತಿದ್ದೆ. ಮಂದಿ ಬರ್ತಿದ್ರು. ಹತ್ರ ಬಂದು ನಿಂದರ್ತಿದ್ರು. ನನ್ನ ನೋಡ್ತಿದ್ರು, ಮುಂದ ಹೋಗ್ತಿದ್ರು. ಕೆಟ್ಟ ಮಾತ ಒಂದೂ ಆಡ್ಲಿಲ್ಲ ಯಾರೂ, ಸುಳ್ಳ ಯಾಕ ಹೇಳ್ಲಿ. ನಕ್ಕೊಂತನ ಹೋಗ್ತಿದ್ರು. ಒಂದಿನ ಸೀಟಿನ ಮ್ಯಾಲೆ ಕೈ ಇಟ್ಟೆ. ಬೆಚ್ಚಗ ಇತ್ತು. ಹಂಗ ಇಟ್ಕೊಂಡ ಕುಂತೆ, ಸ್ವಲ್ಪ ಹೊತ್ತಿಗೆ ತಣ್ಣಗಾತು. ಮತ್ತೊಬ್ರು ಬಂದ್ರು, ಮತ್ತ ಬೆಚ್ಚಗಾತು, ಮತ್ತ ತಣ್ಣಗಾತು. ಇಳಿಯೋತನಕ ಆರು ಸಲ."

"ನೀನಾ ಹೋಗಿ ಅವರ ಬಾಜೂ ಕುಂದರಬೇಕಿತ್ತು."

"ಕುಂತಿದ್ದೆ. ಮುಂದಿನ ಸ್ಟಾಪಿಗೆ ಎದ್ದು ಬಾಗಿಲ ಹತ್ರ ನಿಂತ್ಲು ಆ ಹೆಣಮಗಳು. ಇಳಿದಿದ್ದು ಮಾತ್ರ ನನ್ನ ಸ್ಟಾಪಿಗೇ." ಶಂಕ್ರವ್ವ ಮೇಜಿನ ಮೇಲಿನ ಹೂವಿನ ಎಸಳುಗಳನ್ನು ಒಂದು ಕಡೆಗೆ ಗುಡಿಸಿದಳು. "ಅದಕ ದಸ್ತಿ ಹಾಕಿದೆ. ಯಾರೋ ಬರೋರು ಅದಾರ ಅಂತ ಕಾಣ್ತತಿ. ಖಾಲಿ ಉಳಿದದ್ದು ನಾ ಹಿಡಿದಿದ್ದಕ್ಕ ಅಂತ ಆಗ್ತತಿ. ಹಂಗ ಅನ್ಕೊಂಡ್ರ ನಂಗೂ ತ್ರಾಸ ಇಲ್ಲ, ಅವರಿಗೂ ಇಲ್ಲ."

ನೀಲಾಳಿಗೆ ತಾಯಿಯ ನಾಲ್ಕು ವರ್ಷದ ಅವಮಾನವನ್ನು ತಾನು ಎರಡು ಪುಟದಲ್ಲಿ ಪದ್ಧತಿ ಎಂದು ಬರೆದುಕೊಟ್ಟಿದ್ದೆ ಎಂದು ತಿಳಿಯಿತು. "ಮೊದಲ ಯಾಕ ಹೇಳಲಿಲ್ಲ?" ಎಂದಳು.

"ನೀ ಇಲ್ಲೇ ಬಾಳುವೆ ಮಾಡಾಕಿ. ನಿನಗ್ಯಾಕ ಅದು."

ಮರುದಿನ ಬೆಳಿಗ್ಗೆ ನಿಯಂತ್ರಣ ಕೊಠಡಿಯಲ್ಲಿ ನೀಲಾ ಹಳೆಯ ದಾಖಲೆ ಹುಡುಕಿದಳು. ಒಡನಾಟದ ಕಡತದಲ್ಲಿ ಏನೂ ಸಿಗಲಿಲ್ಲ. ಅಲ್ಲಿ ಇದ್ದುದು ಕೂತವರ ಲೆಕ್ಕ ಮಾತ್ರ. ಬಿಸಿಯಾಗಿ ಯಾರೂ ಕೂರದೆ ಆರಿದ ಸೀಟುಗಳೆಲ್ಲ ವಿದ್ಯುತ್ ವಿಭಾಗದ ಒಂದು ಮೂಲೆ ಕಡತದಲ್ಲಿ ಬಿದ್ದಿದ್ದವು. ಅದರ ಹೆಸರು 'ಉಷ್ಣ ನಷ್ಟ'. ಅದನ್ನು ತೆರೆದವರು ಯಾರೂ ಇರಲಿಲ್ಲ. ಶಂಕ್ರವ್ವನ ಮೊದಲ ಮೂರು ವಾರದ ಪ್ರಯಾಣಗಳನ್ನು ತೆಗೆದು ನೋಡಿದಳು. ಪಕ್ಕದ ಸೀಟು ಅರವತ್ತೊಂದು ಸಲ ಬಿಸಿಯಾಗಿತ್ತು, ಎರಡು ಸಲ ತುಂಬಿತ್ತು. ಆಮೇಲೆ ದಸ್ತಿ ಬಂದಿತ್ತು, ಬಿಸಿಯಾಗುವುದೇ ನಿಂತಿತ್ತು.

ಕೈ ಹಾಕಿದ ಮೇಲೆ ಪೂರ್ತಿಯೇ ಆಗಲಿ ಎಂದು ಇಡೀ ನಗರದ್ದನ್ನು ತೆಗೆದಳು. ಪೌರರ ಪಕ್ಕದಲ್ಲಿ ನೂರು ಸಲ ಬಿಸಿಯಾದ ಸೀಟು ಎಂಬತ್ತೆಂಟು ಸಲ ತುಂಬುತ್ತಿತ್ತು. ಹಸಿರು ಕಾರ್ಡಿನವರ ಪಕ್ಕದಲ್ಲಿ ಹತ್ತೊಂಬತ್ತು ಸಲ. ದಸ್ತಿ ಹಾಕುವವರು, ಹಾಕದವರು, ಯಾವ ದೇಶದವರಾದರೂ ಅಷ್ಟೇ. ದೇಶ ತನ್ನ ಬಗ್ಗೆ ತಿಳಿಯಬೇಕಿದ್ದುದೆಲ್ಲ ಪೋಲಾದ ವಿದ್ಯುತ್ತಿನ ಪಟ್ಟಿಯಲ್ಲಿ ಅಚ್ಚುಕಟ್ಟಾಗಿ ಕೂತಿತ್ತು.

ಸೋಲ್ವೈ ಅದನ್ನು ಎರಡು ಸಲ ಓದಿದಳು. "ಇದು ವಿದ್ಯುತ್ತಿನ ಕಡತ," ಎಂದಳು. "ಒಡನಾಟದ್ದಲ್ಲ."

"ಸೀಟು ಒಂದೇ ಅಲ್ಲವಾ?"

"ಕೂರದೆ ಹೋದವರು ಯಾಕೆ ಹೋದರು ಅಂತ ಸೀಟಿಗೆ ಗೊತ್ತಿಲ್ಲ, ನೀಲಾ. ಯಾರೋ ಮುಂದಿನ ಸ್ಟಾಪಿನಲ್ಲಿ ಇಳಿಯುವವರಿರಬಹುದು. ಯಾರಿಗೋ ಬೆನ್ನು ನೋವಿರಬಹುದು."

"ನೂರಕ್ಕೆ ಎಂಬತ್ತೊಂದು ಜನಕ್ಕೂ ಬೆನ್ನು ನೋವಾ?"

ಸೋಲ್ವೈಯ ಮುಖ ಕೆಂಪಾಯಿತು. ಅವಳು ಸಿಟ್ಟಾಗಲಿಲ್ಲ, ನಿಜವಾಗಿಯೂ ನೊಂದುಕೊಂಡಳು. "ಯಾರಿಗೂ ಇಲ್ಲೇ ಕೂರು ಅಂತ ಹೇಳುವಂತಿಲ್ಲ ನಾವು. ಸ್ವತಂತ್ರ ದೇಶ ಇದು. ನಾನಾಗಿದ್ದರೆ ಕೂರುತ್ತಿದ್ದೆ, ಅದು ನಿನಗೂ ಗೊತ್ತು."

"ಗೊತ್ತು. ನೀನು ಏಳನೇ ನಂಬರಿನಲ್ಲಿ ಬರುತ್ತೀಯಾ?"

"ನಾನು ಸೈಕಲ್ಲಿನಲ್ಲಿ ಬರುತ್ತೇನೆ," ಎಂದಳು ಸೋಲ್ವೈ. ಆಮೇಲೆ ಸೋಲ್ವೈ ಆ ಪಟ್ಟಿಯನ್ನು ತನ್ನ ಹೆಸರಿನಲ್ಲೇ ಮೇಲಕ್ಕೆ ಕಳಿಸಿದಳು. ಅಷ್ಟು ಧೈರ್ಯ ಅವಳಿಗಿತ್ತು.

ಮೇಲಿನಿಂದ ಉತ್ತರ ಮೂರೇ ದಿನದಲ್ಲಿ ಬಂತು, ಅದೂ ವಿದ್ಯುತ್ ವಿಭಾಗದಿಂದ. ಇಷ್ಟು ಉಷ್ಣ ಪೋಲಾಗುತ್ತಿರುವುದನ್ನು ಗಮನಕ್ಕೆ ತಂದುದಕ್ಕೆ ಕೃತಜ್ಞತೆಗಳು. ಮುಂದಿನ ಚಳಿಗಾಲದಿಂದ ಪ್ರಯಾಣಿಕರು ಪೂರ್ತಿ ಕೂತ ಮೇಲಷ್ಟೇ ಸೀಟು ಬಿಸಿಯಾಗುವಂತೆ ಬದಲಾವಣೆ ಮಾಡಲಾಗುವುದು. ಒಡನಾಟ ಇಲಾಖೆಯಿಂದ ಒಂದು ಸಾಲೂ ಬರಲಿಲ್ಲ.

ಪರೀಕ್ಷೆ ಸೋಮವಾರ ಶುರುವಾಯಿತು. ಶಂಕ್ರವ್ವ ಇಳಕಲ್ ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡು, ದಸ್ತಿಯನ್ನು ನಾಲ್ಕು ಮಡಿಕೆ ಮಾಡಿ ಮಗಳ ಕೈಯಲ್ಲಿಟ್ಟು ಹೊರಟಳು. ನೀಲಾ ಕೊಠಡಿಯಲ್ಲಿ ಏಳನೇ ನಂಬರಿನ ಟ್ರಾಮನ್ನು ದೊಡ್ಡದು ಮಾಡಿಕೊಂಡು ಕೂತಳು. ಎಡಗಡೆ ಮೂರನೇ ಸಾಲು, ಕಿಟಕಿಯ ಪಕ್ಕ ಒಂದು ಹಳದಿ ಚುಕ್ಕಿ. ಅದು ಅವ್ವ. ಅದರ ಪಕ್ಕದ ಚುಕ್ಕಿ ನೀಲಿಯಿಂದ ಹಳದಿಯಾಯಿತು. ಚುಕ್ಕಿ ಮತ್ತೆ ನೀಲಿಯಾಯಿತು. ಹಳದಿ, ನೀಲಿ. ಹಳದಿ, ನೀಲಿ. ಹನ್ನೊಂದು ವರ್ಷ ದಿನಕ್ಕೆ ಸಾವಿರ ಸಲ ನೋಡಿದ್ದ ಆಟ ಅದು. ಅವತ್ತು ಅವಳಿಗೆ ಅದನ್ನು ನೋಡಲಾಗಲಿಲ್ಲ, ಎದ್ದು ಹೋಗಿ ಕಾಫಿ ಯಂತ್ರದ ಮುಂದೆ ನಿಂತಳು.

ಮೊದಲ ವಾರದ ಹತ್ತು ಪ್ರಯಾಣಗಳಲ್ಲಿ ಒಂದೇ ಒಂದು ಸಲ ಸೀಟು ತುಂಬಿತು, ಗುರುವಾರ ಸಂಜೆ. ಮನೆಗೆ ಬಂದ ಶಂಕ್ರವ್ವನ ಮುಖ ಅರಳಿತ್ತು. "ಒಬ್ಬಾಕಿ ಕುಂತಿದ್ಲು. ಛಲೋ ಹೆಣಮಗಳು. ಆಕೀಗೂ ಮಣಕಾಲ ನೋವಂತ. ಯಾವ ಎಣ್ಣಿ ಹಚ್ತಿ ಅಂತ ಕೇಳಿದ್ಲು, ಹೇಳಿದೆ. ನನಗ ಬರೋ ಭಾಷಾ ಅಷ್ಟೂ ಮುಗೀತು, ಆಕೀ ಸ್ಟಾಪ್ ಬಂತು."

ಇನ್ನು ಹತ್ತು ಪ್ರಯಾಣ, ಬೇಕಾದವರು ಮೂರು ಜನ. ಶನಿವಾರ ಭಾನುವಾರ ನೀಲಾ ಸುಮ್ಮನೆ ಮನೆಯೆಲ್ಲ ಒರೆಸಿದಳು. ಗದಗದಲ್ಲಿ ಬಾಡಿಗೆ ಮನೆ ಎಷ್ಟಕ್ಕೆ ಸಿಗುತ್ತದೆ, ಅಲ್ಲಿ ಯಾರಿದ್ದಾರೆ ಎಂದೆಲ್ಲ ಯೋಚಿಸಿದಳು. ತಾಯಿಯನ್ನು ಒಬ್ಬಳೇ ಕಳಿಸಲು ಅವಳಿಗೆ ಆಗುತ್ತಿರಲಿಲ್ಲ. ಜೊತೆಗೆ ಹೊರಟರೆ ಇಲ್ಲಿಯ ಹನ್ನೊಂದು ವರ್ಷವನ್ನು ಒಂದು ಸೂಟ್‌ಕೇಸಿಗೆ ತುಂಬಬೇಕಿತ್ತು. ಶಂಕ್ರವ್ವ ಮಾತ್ರ ತನ್ನ ಪಾಡಿಗೆ ಭಾಷೆಯ ಪುಸ್ತಕ ಹಿಡಿದು ಕ್ರಿಯಾಪದ ಬಾಯಿಪಾಠ ಮಾಡುತ್ತಿದ್ದಳು.

ಎರಡನೇ ವಾರದ ಸೋಮವಾರವೂ ಹಾಗೇ ಹೋಯಿತು. ಮಂಗಳವಾರ ಬೆಳಿಗ್ಗೆ ಮೂರನೇ ಸ್ಟಾಪಿನಲ್ಲಿ ಪಕ್ಕದ ಚುಕ್ಕಿ ಹಳದಿಯಾಯಿತು. ನೀಲಾ ಅದು ನೀಲಿಯಾಗುವುದನ್ನು ಕಾದಳು. ಆಗಲಿಲ್ಲ. ನಾಲ್ಕನೇ ಸ್ಟಾಪು, ಐದು, ಆರು. ಹದಿನಾಲ್ಕನೇ ಸ್ಟಾಪಿನವರೆಗೆ ಹಳದಿ ಹಾಗೇ ನಿಂತಿತು. ಬುಧವಾರ ಹೋಗುವಾಗಲೂ ಹಾಗೆಯೇ, ಬರುವಾಗಲೂ ಹಾಗೆಯೇ. ಗುರುವಾರ ಬೆಳಿಗ್ಗೆಯೂ ಯಾರೋ ಕೂತರು. ಬೇಕಾಗಿದ್ದುದು ನಾಲ್ಕು, ಐದಾಯಿತು.

ನೀಲಾ ಸೋಲ್ವೈಯ ಮೇಜಿಗೆ ಹೋಗಿ ನಿಂತಳು. "ನಾನು ಸ್ವಲ್ಪ ಆತುರಪಟ್ಟೆ ಅಂತ ಕಾಣುತ್ತದೆ. ಜನ ಕೂರುತ್ತಿದ್ದಾರೆ."

ಸೋಲ್ವೈ ಎದ್ದು ಅವಳನ್ನು ತಬ್ಬಿಕೊಂಡಳು. "ನಾನು ಹೇಳಿರಲಿಲ್ಲವಾ? ನಮ್ಮವರಿಗೆ ಸ್ವಲ್ಪ ಸಮಯ ಬೇಕು ಅಷ್ಟೇ."

ಆ ಎರಡು ದಿನ ನೀಲಾ ನಿಜವಾಗಿ ಸಂತೋಷವಾಗಿದ್ದಳು. ಟ್ರಾಮಿನಲ್ಲಿ, ಅಂಗಡಿಯಲ್ಲಿ ಜನರ ಮುಖ ನೋಡಿ ಇವರೇ ಇರಬಹುದಾ ಎಂದುಕೊಳ್ಳುತ್ತಿದ್ದಳು. ಶುಕ್ರವಾರ ಸಂಜೆ ಪರೀಕ್ಷೆ ಮುಗಿದ ಮೇಲೆ ಹೂರಣ ರುಬ್ಬಿ ಹೋಳಿಗೆ ಮಾಡಲು ಕೂತಳು. ಶಂಕ್ರವ್ವ ಕಣಕ ನಾದುತ್ತಿದ್ದಳು.

"ಯಾರ್ ಯಾರ್ ಕುಂತಿದ್ರು ಅವ್ವಾ? ನಾಕ್ ಜನಾನೂ ಹೆಣಮಕ್ಕಳಾ?"

"ಯಾವ ನಾಕ್ ಜನ?"

"ಮಂಗಳವಾರದಿಂದ ನಿನ್ನ ಬಾಜೂ ಕುಂತೋರು. ನಾ ನೋಡೀನಲ್ಲ, ಕಡೀ ಸ್ಟಾಪಿನ ತನಕ ಸೀಟ್ ತುಂಬಿತ್ತು."

ಶಂಕ್ರವ್ವನ ಕೈ ಕಣಕದಲ್ಲೇ ನಿಂತಿತು. "ಅಯ್ಯ, ಯಾರೂ ಇಲ್ಲವಾ. ಅದು ನಾನಾ."

"ನೀನಾ ಅಂದ್ರ?"

"ಒಬ್ಬಾಂವ ಬಂದ, ನೋಡಿದ, ಹೋದ. ಸೀಟ್ ಬೆಚ್ಚಗ ಆಗಿತ್ತು. ಸುಮ್ನ ಆರಿ ಹೋಗೂದನ್ನ ಎಷ್ಟ ಅಂತ ನೋಡೂದು? ಮಣಕಾಲ ಹಿಡಕೊಂಡಿದ್ವು. ಎರಡೂ ಸೀಟಿನ ನಡುವ ಸರಿದು ಕುಂತೆ. ಆ ಕಡೆನೂ ಬಿಸಿ, ಈ ಕಡೆನೂ ಬಿಸಿ. ಸೊಂಟಕ್ಕ ಭಾಳ ಛಲೋ ಆತು. ಆಮ್ಯಾಲೆ ಹಂಗ ಕುಂತೆ."

ನೀಲಾಳಿಗೆ ಪೊರೆಯ ಲೆಕ್ಕ ಕಣ್ಣ ಮುಂದೆ ಬಂತು. ಮಕ್ಕಳು ಕೂತರೂ ಗೊತ್ತಾಗಲಿ ಎಂದು ಅದಕ್ಕೆ ಕಡಿಮೆ ಭಾರ ಸಾಕೆಂದು ಹೊಂದಿಸಿದ್ದರು. ಅರ್ಧ ಶಂಕ್ರವ್ವ ಒಂದು ಸೀಟಿನಲ್ಲಿ, ಇನ್ನರ್ಧ ಇನ್ನೊಂದರಲ್ಲಿ. ಯಂತ್ರದ ಪ್ರಕಾರ ಇಬ್ಬರು. ಒಬ್ಬರು ಹಸಿರು ಕಾರ್ಡಿನವರು, ಇನ್ನೊಬ್ಬರು ಹೆಸರಿಲ್ಲದ ಪೌರರು. ಪೌರರ ಹೆಸರು ಕೇಳುವಂತಿಲ್ಲವಾದ್ದರಿಂದ ಯಾರೂ ಕೇಳಿರಲಿಲ್ಲ.

"ಬೇಕಂತ ಮಾಡಿದ್ಯಾ?"

"ಬೇಕಂತ ಏನ್ ಮಾಡೂದು. ಯಾರೋ ಬಿಸಿ ಮಾಡಿ ಬಿಟ್ಟು ಹೋಗಿದ್ರು, ಹಾಳ ಯಾಕ ಮಾಡ್ಲಿ." ಶಂಕ್ರವ್ವ ಮಗಳ ಮುಖ ನೋಡಿದಳು. "ತಪ್ಪಾತೇನು? ಹೇಳ್ಬೇಕೇನು ಅವರಿಗೆ?"

ಈ ಪ್ರಶ್ನೆಗೆ ನೀಲಾಳ ಹತ್ತಿರ ಎರಡು ಪುಟದ ಉತ್ತರ ಇರಬೇಕಿತ್ತು. ನಿಯಮ ಪಾಲಿಸುವ ಹುಡುಗಿ ಅವಳು, ಹನ್ನೊಂದು ವರ್ಷದಲ್ಲಿ ಒಂದು ಅಂಕಿಯನ್ನೂ ಆಚೀಚೆ ಮಾಡಿದವಳಲ್ಲ. ಅವಳು ಹೂರಣದ ಉಂಡೆ ಮಾಡಿ ತಟ್ಟೆಯಲ್ಲಿಟ್ಟಳು. ಅಳು ಬಂತು, ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಬ್ಯಾಡ," ಎಂದಳು. "ನಾ ಒಂದ್ಸಲ ಬರೆದಿದ್ದು ಸಾಕು."

ಕಾಯಂ ವಾಸದ ಪತ್ರ ಹತ್ತು ದಿನಕ್ಕೆ ಬಂತು. ಶಂಕ್ರವ್ವ ಶಿವಪ್ಪ ಹೂಗಾರ್ ಅವರು ಇನ್ನು ನಮ್ಮಲ್ಲಿ ಒಬ್ಬರು ಎಂದು ಅದರಲ್ಲಿ ಬರೆದಿತ್ತು. ಜೊತೆಗೆ ಇಲಾಖೆ ಒಂದು ಸಣ್ಣ ಸುದ್ದಿಯನ್ನೂ ಪ್ರಕಟಿಸಿತು. ಬಟ್ಟೆ ತೆಗೆದಿಟ್ಟ ಎರಡೇ ವಾರದಲ್ಲಿ ಏಳನೇ ನಂಬರಿನ ಟ್ರಾಮಿನಲ್ಲಿ ಒಬ್ಬ ಹಿರಿಯ ವಲಸಿಗ ಮಹಿಳೆಯ ಪಕ್ಕ ಐವರು ಅಪರಿಚಿತ ಪೌರರು ಕೂತರು. ಒಪ್ಪಿಕೊಳ್ಳಲು ದೇಶ ಸದಾ ಸಿದ್ಧವಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಸೋಲ್ವೈ ಅದನ್ನು ಕೊಠಡಿಯ ಬಾಗಿಲಿಗೆ ಅಂಟಿಸಿದಳು. ನೀಲಾ ದಿನಾ ಅದರ ಪಕ್ಕದಲ್ಲೇ ಹಾದು ಒಳಗೆ ಹೋಗುತ್ತಿದ್ದಳು.

ಒಂದು ಬುಧವಾರ ಅವಳು ರಜೆ ಹಾಕಿ ತಾಯಿಯ ಜೊತೆ ಹೊರಟಳು. ಹಳೇ ಬಂದರಿನಲ್ಲಿ ತರಗತಿಯವರು ಶಂಕ್ರವ್ವನಿಗೆ ಸಣ್ಣದೊಂದು ಸಮಾರಂಭ ಇಟ್ಟುಕೊಂಡಿದ್ದರು. ಟ್ರಾಮಿನ ಬಾಗಿಲಲ್ಲಿ ನೀಲಾ ಬೂಟಿನ ಹಿಮ ಕೊಡವುತ್ತ ಹಿಂದೆ ಉಳಿದಳು. ಶಂಕ್ರವ್ವ ಮುಂದೆ ಹೋಗಿ ಎಡಗಡೆ ಮೂರನೇ ಸಾಲಿನಲ್ಲಿ ಕಿಟಕಿಯ ಪಕ್ಕ ಕೂತಳು. ದಸ್ತಿ ಕೈಚೀಲದಲ್ಲೇ ಇತ್ತು.

ನೀಲಾ ಕಂಬ ಹಿಡಿದು ನಿಂತು ನೋಡಿದಳು. ಬೂದು ಬಣ್ಣದ ಕೋಟಿನ ಒಬ್ಬ ಮನುಷ್ಯ ಎದುರು ಬಾಗಿಲಿನಿಂದ ಬಂದ. ಐವತ್ತರ ಆಸುಪಾಸು, ಸೌಮ್ಯ ಮುಖ, ಕೈಯಲ್ಲಿ ಬ್ರೆಡ್ಡಿನ ಚೀಲ. ಮೂರನೇ ಸಾಲಿನ ಹತ್ತಿರ ಬಂದು ನಿಧಾನ ಮಾಡಿದ. ಸೀಟು ನೋಡಿದ, ಶಂಕ್ರವ್ವನನ್ನು ನೋಡಿದ. ಶಂಕ್ರವ್ವ ಅವರ ಭಾಷೆಯಲ್ಲಿ ಶುಭೋದಯ ಎಂದಳು. ಅವನೂ ನಕ್ಕು ಶುಭೋದಯ ಎಂದು ಹಿಂದಿನ ಡಬ್ಬಿಗೆ ನಡೆದುಹೋಗಿ ಅಲ್ಲಿ ನಿಂತುಕೊಂಡ.

ಗೋಡೆಯ ಮೇಲೆ ಈಗ ಆ ಚುಕ್ಕಿ ಹಳದಿಯಾಗಿರುತ್ತದೆ ಎಂದುಕೊಂಡಳು ನೀಲಾ. ಇನ್ನೊಂದು ನಿಮಿಷ ಹಾಗೇ ಇರುತ್ತದೆ.

ಶಂಕ್ರವ್ವ ಸೀಟಿನ ಮೇಲೆ ಅಂಗೈ ಇಟ್ಟು ನೋಡಿದಳು. ಮಗಳ ಕಡೆ ತಿರುಗಿ ಕೈ ಬೀಸಿ ಕರೆದಳು.

"ಲಗೂನ ಬಾ, ಕುಂದ್ರು. ಯಾರೋ ಪುಣ್ಯಾತ್ಮ ಬಿಸಿ ಮಾಡಿ ಹೋಗ್ಯಾನ."